ಹನ್ನೊಂದು ಓಣಿಗಳ ಪಾಳಿ

ನಾನು ಒಂದು ಪಾಳಿ. ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುತ್ತಾರಲ್ಲ, ಅಂಥದೇ ಪಾಳಿ. ಆದರೆ ನನ್ನಲ್ಲಿ ನಿಲ್ಲುವವರು ಜನರಲ್ಲ, ಕೆಲಸಗಳು. ಯಾರೋ ಒಂದು ಕೆಲಸವನ್ನು ಚೀಟಿಯ ಹಾಗೆ ಬರೆದು ನನಗೆ ಕೊಡುತ್ತಾರೆ. ಏನು ಮಾಡಬೇಕು, ಯಾರಿಗೆ ಮುಟ್ಟಿಸಬೇಕು, ಎಷ್ಟು ಹೊತ್ತಿಗೆ ಎಂಬುದಿಷ್ಟೇ ಅದರಲ್ಲಿರುತ್ತದೆ. ಹೊತ್ತಾಗುವವರೆಗೆ ಅದನ್ನು ಜೋಪಾನವಾಗಿ ಇಟ್ಟುಕೊಂಡು, ಹೊತ್ತಾದ ಕೂಡಲೇ ಕೆಲಸ ಮಾಡುವವನ ಕೈಗೆ ದಾಟಿಸುತ್ತೇನೆ. ಅವನು ‘ಆಯಿತು’ ಅಂದರೆ ಚೀಟಿ ಹರಿದು ಹಾಕುತ್ತೇನೆ. ‘ಆಗಲಿಲ್ಲ’ ಅಂದರೆ, ಅಥವಾ ಉತ್ತರವೇ ಕೊಡದಿದ್ದರೆ, ಸ್ವಲ್ಪ ತಡೆದು ಮತ್ತೆ ಕೊಡುತ್ತೇನೆ. ಮತ್ತೂ ಆಗದಿದ್ದರೆ ಇನ್ನಷ್ಟು ತಡೆದು ಮತ್ತೆ. ಸ್ವಂತವಾಗಿ ಒಂದು ಕೆಲಸವನ್ನೂ ಮಾಡಲು ನನಗೆ ಬರುವುದಿಲ್ಲ. ನೆನಪಿಟ್ಟುಕೊಳ್ಳುವುದು, ಕಳಿಸುವುದು ಇಷ್ಟೇ ನನ್ನ ವಿದ್ಯೆ.

ನನಗೆ ಮೈಯೂ ಇಲ್ಲ. ಎಲ್ಲೋ ದೂರದ ಊರಿನ ತಣ್ಣನೆಯ ಕಟ್ಟಡದಲ್ಲಿ ಸಾವಿರಾರು ಯಂತ್ರಗಳು ಗುಂಯ್‌ಗುಡುತ್ತ ನಿಂತಿವೆಯಂತೆ. ಅವುಗಳ ನಡುವೆ ನನ್ನದೊಂದು ಜಾಗ. ಅದಕ್ಕೆ ಕ್ಲೌಡ್ ಅನ್ನುತ್ತಾರೆ. ಒಂದು ಹನಿ ನೀರೂ ಇಲ್ಲದ ಮೋಡ ಅದು. ಆದರೂ ನನ್ನ ಆಯುಷ್ಯವೆಲ್ಲ ಕಳೆದದ್ದು ನೀರಿನ ಸುದ್ದಿ ಹೊರುವುದರಲ್ಲಿ.

ನಾನು ಹುಟ್ಟಿದ್ದು ಹಿರೇಬಾಗೂರಿನ ಬಸ್‌ಸ್ಟ್ಯಾಂಡಿನ ಎದುರು, ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಅಲ್ಲಿ ಗುರುಪಾದ ಹೂಗಾರ ಎಂಬವರು ಊರ ನಗರಸಭೆಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದರು. ಅವರ ಹತ್ತಿರ ಕೆಲಸಕ್ಕಿದ್ದವಳು ಒಬ್ಬಳೇ ಒಬ್ಬಳು, ದಾನೇಶ್ವರಿ. ಆ ಮಧ್ಯಾಹ್ನ ಅವಳು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಎಡಗೈಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡೇ ಬಲಗೈಯಿಂದ ಒಂದು ಸಾಲಿನ ಆಜ್ಞೆ ಟೈಪು ಮಾಡಿ ಎಂಟರ್ ಒತ್ತಿದಳು. ನಾನು ಹುಟ್ಟಿದೆ. ಹೆಸರು ಕೇಳಿದಾಗ ‘ಪಾಳಿ’ ಎಂದು ಬರೆದಳು. ಆಮೇಲೆ ರೊಟ್ಟಿ ಮುಗಿಸಿದಳು.

ದಾನೇಶ್ವರಿ ಮಾತು ಕಡಿಮೆಯ ಹುಡುಗಿ. ಫೋನು ರಿಂಗಾದರೆ ಮೊದಲು ಅದನ್ನು ನೋಡುತ್ತಿದ್ದಳು, ಎತ್ತುವುದು ಆಮೇಲೆ. ಆದರೆ ಪ್ರೋಗ್ರಾಮಿನಲ್ಲಿ, ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಯ ಸಾಲುಗಳಿರುತ್ತವಲ್ಲ, ಅಲ್ಲಿ ಮಾತ್ರ ಬಾಯಿ ತುಂಬ ಮಾತಾಡುತ್ತಿದ್ದಳು. ಬೇರೆಯವರು ಎರಡು ಶಬ್ದ ಬರೆಯುವ ಕಡೆ ಅವಳು ಆರು ಸಾಲು ಬರೆಯುವಳು. ಊರು, ಜನ, ಬೈಗುಳ, ನಗೆ ಎಲ್ಲ ನನಗೆ ಗೊತ್ತಾದದ್ದು ಆ ಟಿಪ್ಪಣಿಗಳಿಂದ, ಮತ್ತೆ ಅವಳ ಲ್ಯಾಪ್‌ಟಾಪಿನಲ್ಲಿ ನನ್ನ ಕಿಟಕಿ ತೆರೆದಿದ್ದಾಗ ಆ ಕೋಣೆಯಲ್ಲಿ ಬಿದ್ದ ಮಾತಿನಿಂದ.

ಹಿರೇಬಾಗೂರು ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಊರು. ಹನ್ನೊಂದು ಓಣಿ. ಆರು ದಿನಕ್ಕೊಮ್ಮೆ, ಒಂದಾದ ಮೇಲೊಂದು ಓಣಿಗೆ ನಲ್ಲಿ ನೀರು. ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಕೊನೆಯದು, ಗುಡ್ಡದ ಓಣಿ. ಇವತ್ತು ನೀರು ಬರುತ್ತದೆಂದು ಗೊತ್ತಿರುತ್ತಿತ್ತು, ಎಷ್ಟು ಹೊತ್ತಿಗೆಂದು ಗೊತ್ತಿರುತ್ತಿರಲಿಲ್ಲ. ಹೆಣ್ಣುಮಕ್ಕಳು ಬೆಳಗಿನಿಂದ ಕೊಡ ಇಟ್ಟುಕೊಂಡು ಕೂತೇ ಇರಬೇಕು. ಹೀಗೆ ಕೂಡುವುದನ್ನು ತಪ್ಪಿಸಲು, ನೀರು ಬರುವ ಒಂದು ತಾಸು ಮೊದಲು ಮನೆಮನೆಯ ಫೋನಿಗೆ ಮೆಸೇಜು ಹೋಗಲಿ ಎಂದು ಗುರುಪಾದ ಸರ್ ಒಂದು ಯೋಜನೆ ಹಾಕಿದ್ದರು. ನಗರಸಭೆ ಮೂರು ತಿಂಗಳ ಪರೀಕ್ಷೆಗೆ ಒಪ್ಪಿತ್ತು.

ನಾನು ಹುಟ್ಟುವ ಮೊದಲು ಪ್ರೋಗ್ರಾಮು ಒಂದೇ ಉಸಿರಿನಲ್ಲಿ ಮೂರು ಸಾವಿರ ಮನೆಗೂ ಮೆಸೇಜು ಕಳಿಸಲು ಹೋಗುತ್ತಿತ್ತಂತೆ. ಮೆಸೇಜು ಸಾಗಿಸುವ ಕಂಪನಿಯ ಬಾಗಿಲಲ್ಲಿ ನೂಕುನುಗ್ಗಲಾಗಿ, ಅರ್ಧಕ್ಕರ್ಧ ಹೊರಗೇ ಬಿದ್ದುಹೋಗುತ್ತಿದ್ದವು. ಇದನ್ನು ಸರಿಮಾಡುವ ದಾರಿ ದಾನೇಶ್ವರಿಗೆ ತೋರಿಸಿದವರು ಪುಸ್ತಕದವರಲ್ಲ. ಓಣಿಗಳಿಗೆ ನೀರು ಬಿಡುವ ವಾಲ್ವ್‌ಮನ್ ಮಾಬುಸಾಬ ನದಾಫ. ಗುಬ್ಬಿಯಂಥ ಮನುಷ್ಯ, ಮಂಡಿಯುದ್ದದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ತಿರುಗುವವರು.

“ಹನ್ನೊಂದೂ ವಾಲ್ವ್ ಒಮ್ಮೆಲೆ ಬಿಟ್ರ ಯಾರ ಮನಿಗೂ ನೀರು ಹತ್ತೂದಿಲ್ರಿ ಅಕ್ಕಾರ,” ಎಂದು ಅವರು ಒಂದು ದಿನ ಆ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ್ದರು. “ತೆಳಗಿನವ್ರು ಬುಳುಬುಳು ತುಂಬಿಕೊಂತಾರ. ಮ್ಯಾಲಿನವ್ರ ನಳದಾಗ ಬರೇ ಗಾಳಿ ಬರ್ತೈತಿ. ಒಂದೊಂದ ಬಿಡ್ಬೇಕು. ಹದಾ ಹಿಡದು ಬಿಡ್ಬೇಕು.”

ಅದನ್ನು ಕೇಳಿ ದಾನೇಶ್ವರಿ ನನ್ನನ್ನು ಮಾಡಿದಳು. ಸೆಕೆಂಡಿಗೆ ಹತ್ತೇ ಚೀಟಿ, ಹೆಚ್ಚಿಲ್ಲ ಎಂದು ನನಗೊಂದು ಹದ ಹಾಕಿಕೊಟ್ಟಳು. ಪಕ್ಕದಲ್ಲಿ ಟಿಪ್ಪಣಿ ಬರೆದಳು: ‘ಮಾಬುಸಾಬ ಕಾಕಾ ಹೇಳಿದ ಲೆಕ್ಕ.’

ಮೊದಲ ವಾರ ನಾನು ಹೆಮ್ಮೆಯಿಂದ ಬೀಗುತ್ತಿದ್ದೆ. ನಗರಸಭೆಯ ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯನ್ನು ದಾನೇಶ್ವರಿ ಫೋಟೋ ಹೊಡೆದು ತಂದು, ಹಾಗೆಯೇ ನನಗೆ ಚೀಟಿಗಳನ್ನು ಕೊಟ್ಟಿದ್ದಳು. ಕುಂಬಾರ ಓಣಿ ಬೆಳಿಗ್ಗೆ ಆರಕ್ಕೆ. ಗುಡ್ಡದ ಓಣಿ ಎಂಟಕ್ಕೆ. ಏಳೆಂದರೆ ಏಳಕ್ಕೇ, ಒಂದು ಸೆಕೆಂಡು ಆಚೀಚೆ ಆಗದ ಹಾಗೆ, ನಾನು ಗುಡ್ಡದ ಓಣಿಯ ಚೀಟಿಗಳನ್ನು ಬಿಟ್ಟೆ. ಎಲ್ಲದಕ್ಕೂ ‘ಆಯಿತು’ ಬಂತು. ನನ್ನ ಪಾಲಿಗೆ ಕೆಲಸ ಮುಗಿದಿತ್ತು.

ಮರುದಿನ ಕೋಣೆಯ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಂದವರು ಗುಡ್ಡದ ಓಣಿಯ ಕಟ್ಟಕಡೆಯ ಮನೆಯ ಕಸ್ತೂರೆವ್ವ. ಅವರ ಹಿಂದೆ, ಎಳೆದು ತಂದ ಕಳ್ಳನ ಹಾಗೆ, ಮಾಬುಸಾಬರು.

“ಯಾರ್ರೀ ಇಲ್ಲಿ ಮೆಸೇಜ್ ಬಿಡಾವ್ರು?”

ಗುರುಪಾದ ಸರ್ ಚಹಾದ ಲೋಟ ಹಿಡಿದುಕೊಂಡೇ ದಾನೇಶ್ವರಿಯ ಕಡೆ ಬೆರಳು ತೋರಿಸಿದರು. ದಾನೇಶ್ವರಿ ಎದ್ದು ನಿಂತಳು.

“ಎಂಟಕ್ಕ ನೀರು ಅಂತ ಕಳಿಸೀರಿ. ನಾ ಕೆಲಸಕ್ಕ ಹೋಗಲಿಲ್ಲ ಯವ್ವಾ, ಕೊಡಾ ಹಚ್ಚಿಕೊಂಡು ಕುಂತ್ನಿ. ನೀರು ಬಂದದ್ದು ಒಂದಕ್ಕ! ಮಟ್ಟ ಮಧ್ಯಾಹ್ನ ಒಂದಕ್ಕ! ಇವನ್ನ ಕೇಳಿದ್ರ ‘ನಾ ಹೇಳಿಲ್ಲ, ಮಷಿನ್ ಹೇಳೇತಿ’ ಅಂತಾನ.”

“ಹೌದಲ್ಬೇ, ನಾ ಎಲ್ಲಿ ಹೇಳೇನಿ?” ಎಂದರು ಮಾಬುಸಾಬರು. “ಆ ಗ್ವಾಡಿ ಮ್ಯಾಲಿನ ಪಟ್ಟಿ ಯಾವ ಕಾಲದ್ದು ಅನ್ನೂದು ಅದನ್ನ ಬರದಾಂವಗೂ ಗೊತ್ತಿಲ್ಲ. ನಾ ಅದನ್ನ ಒಂದಿನಾನೂ ಓದಿಲ್ಲ.”

“ಮತ್ತ ಹೆಂಗ ಬಿಡ್ತೀರಿ ಕಾಕಾ?” ದಾನೇಶ್ವರಿ ಮೆಲ್ಲಗೆ ಕೇಳಿದಳು.

“ಕೊಡಾ ನೋಡಿ ಬಿಡ್ತೇನಿ.”

ಊರಿಗೆಲ್ಲ ಗೊತ್ತಿದ್ದು ಆ ಕೋಣೆಗೆ ಮಾತ್ರ ಗೊತ್ತಿಲ್ಲದ ಸಂಗತಿ ಅದು. ಪ್ರತಿ ಓಣಿಯ ಕೊನೆಯ ಮನೆಯವರು, ತಮ್ಮದು ತುಂಬಿದ ಮೇಲೆ, ಕಂಪೌಂಡಿನ ಗೋಡೆಯ ಮೇಲೆ ಒಂದು ಕೊಡವನ್ನು ಬೋರಲು ಹಾಕಿಡಬೇಕು. ಮಾಬುಸಾಬರು ಕೆಳಗಿನಿಂದ ಅದನ್ನು ನೋಡಿ, ಆ ಓಣಿಯ ವಾಲ್ವ್ ಮುಚ್ಚಿ ಮುಂದಿನದನ್ನು ತೆರೆಯುತ್ತಾರೆ. ಕೊಡ ಬೋರಲು ಬೀಳುವವರೆಗೆ ಗಡಿಯಾರ ಏನೇ ಹೇಳಲಿ, ಅವರು ಕೀಲಿ ತಿರುವುವುದಿಲ್ಲ.

ಕಸ್ತೂರೆವ್ವನ ಸಿಟ್ಟು ಇಳಿದ ಮೇಲೆ ಹೊರಬಿದ್ದದ್ದು ಅವರ ಹೆದರಿಕೆ. ಅವರು ಬಾಲಕಿಯರ ಹಾಸ್ಟೆಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಗಂಡ ಇಲ್ಲ, ಮನೆಯಲ್ಲಿ ಅವರು ಮತ್ತು ಹಾಸಿಗೆ ಹಿಡಿದ ಅತ್ತೆ. ನಲವತ್ತೆರಡು ವರ್ಷಕ್ಕೆ ಸಿಕ್ಕ ಮೊದಲ ಕೆಲಸ. ನೀರಿನ ದಿನ ಬಂದಾಗಲೆಲ್ಲ ರಜೆ ಕೇಳಿ ಕೇಳಿ ಎಲ್ಲರೂ ‘ಬಾಯಾರು’ ಎಂದು ಕರೆಯುವ ವಾರ್ಡನ್ ಮೇಡಮ್ಮಿಗೆ ಸಾಕಾಗಿತ್ತು.

“‘ಒಂದು ತಾಸು ಹೋಗಿ ಬಾ, ಅಡ್ಡಿಯಿಲ್ಲ. ಆದ್ರ ಒಂದ ತಾಸು. ದಿನಗಟ್ಟಲೆ ಕುಂದರೂದಿದ್ರ ಮನ್ಯಾಗ ಕುಂದರು’ ಅಂದಾರ. ಇನ್ನೊಮ್ಮೆ ಹಿಂಗಾತಂದ್ರ ನನ್ನ ಕೆಲಸಾ ಹೋತು ತಂಗಿ,” ಎಂದರು. ಅಷ್ಟು ಹೊತ್ತು ದೊಡ್ಡದಾಗಿದ್ದ ದನಿ ಇಷ್ಟೇ ಆಯಿತು. “ನೀರೂ ಬೇಕು, ಕೆಲಸಾನೂ ಬೇಕು ನನಗ. ಎರಡೂ ಕೇಳೂದು ತಪ್ಪೇನು?”

ಅವತ್ತಿನ ಟಿಪ್ಪಣಿಯಲ್ಲಿ ದಾನೇಶ್ವರಿ ಬರೆದಳು: ‘ತಪ್ಪಲ್ಲ.’ ಅಷ್ಟೇ. ಅದರ ಮುಂದೆ ಪ್ರೋಗ್ರಾಮಿನ ಯಾವ ಸಾಲೂ ಇರಲಿಲ್ಲ.

ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ತಲೆಗೆ ದುಪಟ್ಟಾ ಸುತ್ತಿಕೊಂಡು ಮಾಬುಸಾಬರ ಹಿಂದೆ ಹನ್ನೊಂದು ಓಣಿ ನಡೆದಳಂತೆ. ಎಲ್ಲಿ ಏರು, ಎಲ್ಲಿ ಪೈಪು ಸಣ್ಣದು, ವಾಲ್ವ್ ಬಿಟ್ಟ ಮೇಲೆ ಯಾವ ಓಣಿಯ ಕೊನೆಯ ಮನೆಗೆ ನೀರು ಮುಟ್ಟಲು ಎಷ್ಟು ಹೊತ್ತು ಎಲ್ಲ ಬರೆದುಕೊಂಡಳು. ಗುಡ್ಡದ ಓಣಿಗೆ ಎರಡು ತಾಸು. ಅದರ ಮರುದಿನ ನನ್ನ ಚೀಟಿಗಳನ್ನೆಲ್ಲ ತೆಗೆದುಹಾಕಿ, ನನಗೆ ಹೊಸ ನಡೆ ಕಲಿಸಿದಳು. ಇನ್ನು ಮೇಲೆ ಪಟ್ಟಿಯಿಲ್ಲ. ಮಾಬುಸಾಬರು ಒಂದು ಓಣಿಯ ವಾಲ್ವ್ ತೆರೆದ ಕೂಡಲೇ, ಆ ಓಣಿಗೆಂದೇ ಇಟ್ಟ ಒಂದು ನಂಬರಿಗೆ ಮಿಸ್ ಕಾಲ್ ಕೊಡಬೇಕು. ಮಿಸ್ ಕಾಲ್ ಬಂದರೆ ನನಗೊಂದು ಚೀಟಿ ಬರುತ್ತದೆ. ಗುಡ್ಡದ ಓಣಿಯದಾದರೆ ಅದನ್ನು ಒಂದು ತಾಸು ಇಟ್ಟುಕೊಂಡು ಆಮೇಲೆ ಬಿಡಬೇಕು. ಆಗ ಕಸ್ತೂರೆವ್ವನ ಕೈಯಲ್ಲಿ ಇನ್ನೊಂದು ತಾಸು ಇರುತ್ತದೆ. ಕೈಯಲ್ಲಿದ್ದ ರೊಟ್ಟಿ ಮುಗಿಸಿ, ಮನೆಗೆ ನಡೆದು, ತುಂಬಿ ಬರಬಹುದು.

ಮುಂದಿನ ಸರದಿಯಲ್ಲಿ ನೀರು ಹೇಳಿದ ಹೊತ್ತಿಗೇ ಬಂತು. ಅದರ ಮುಂದಿನ ಸಲವೂ ಬಂತು. ಗಡಿಯಾರಕ್ಕಿಂತ ಮಾಬುಸಾಬರ ಹೆಬ್ಬೆರಳು ನೆಚ್ಚಿಕೊಳ್ಳಬಹುದಾದದ್ದು ಎಂದು ನಾನು ಕಲಿತದ್ದು ಆಗ.

ಆದರೆ ಮಾಬುಸಾಬರಿಗೆ ಒಂದು ಅಭ್ಯಾಸ. ಮಿಸ್ ಕಾಲ್ ಒಮ್ಮೆ ಕೊಟ್ಟರೆ ಅವರಿಗೆ ಸಮಾಧಾನವಿಲ್ಲ. ಮೂರು ಸಲ ಕೊಡುತ್ತಿದ್ದರು. ನನಗೆ ಮೂರು ಚೀಟಿ ಬರುತ್ತಿದ್ದವು. ಓಣಿಯ ಪ್ರತಿ ಮನೆಗೂ ಮೂರು ಮೆಸೇಜು.

“ಕಾಕಾ, ಒಮ್ಮೆ ಮಾಡಿದ್ರ ಸಾಕ್ರಿ,” ಎಂದು ದಾನೇಶ್ವರಿ ಫೋನಿನಲ್ಲಿ ಹೇಳಿದಳು.

“ಒಮ್ಮೆ ಬಾಗಲಾ ಬಡದ್ರ ಯಾರ ತಗೀತಾರ್ರೀ ಅಕ್ಕಾರ? ಮನ್ಯಾಗಿನವ್ರು ‘ಗಾಳಿ ಇರಬೇಕು’ ಅಂತಾರ.”

ಅವರನ್ನು ತಿದ್ದುವುದು ಆಗದ ಮಾತೆಂದು ಅವಳು ನನ್ನನ್ನೇ ತಿದ್ದಿದಳು. ಪ್ರತಿ ಚೀಟಿಗೂ ಒಂದು ಹೆಸರು: ಓಣಿಯ ಹೆಸರು, ಆ ದಿನದ ತಾರೀಖು. ಚೀಟಿ ಹರಿದ ಮೇಲೂ ಹೆಸರು ನೆನಪಿಟ್ಟುಕೋ, ಅದೇ ಹೆಸರಿನದು ಮತ್ತೆ ಬಂದರೆ ತೆಗೆದುಕೊಳ್ಳಬೇಡ ಎಂದಳು. ಒಂದು ಓಣಿಗೆ ದಿನಕ್ಕೆ ಒಮ್ಮೆಯೇ ತಾನೇ ನೀರು. ಅವತ್ತಿನಿಂದ ಮಾಬುಸಾಬರು ಮೂರು ಸಲ ಬಡಿದರೂ ನಾನು ಒಂದೇ ಸಲ ಬಾಗಿಲು ತೆಗೆಯುತ್ತಿದ್ದೆ. ಎರಡನೆಯದನ್ನು, ಮೂರನೆಯದನ್ನು ‘ಇದಾಗಲೇ ಇದೆ’ ಎಂದು ಹಿಂದಕ್ಕೆ ಕಳಿಸುವಾಗ ನನಗೆ ಒಂಥರಾ ಗತ್ತು ಬರುತ್ತಿತ್ತು. ಸುಳ್ಳೇಕೆ ಹೇಳಲಿ.

ಆ ಗತ್ತು ಇಳಿದದ್ದು ಪರೀಕ್ಷೆಯ ಮೂರನೆಯ ತಿಂಗಳಲ್ಲಿ, ಒಂದು ಬುಧವಾರ.

ಬೆಳಿಗ್ಗೆ ಎಂಟಕ್ಕೆ ಮಾಬುಸಾಬರು ಗುಡ್ಡದ ಓಣಿಯ ವಾಲ್ವ್ ತೆರೆದರು. ಮಿಸ್ ಕಾಲ್ ಬಂತು. ಒಂಬತ್ತಕ್ಕೆ ನಾನು ಚೀಟಿಗಳನ್ನು ಬಿಟ್ಟೆ. ಕಸ್ತೂರೆವ್ವ ವಾರ್ಡನ್ ಬಾಯಾರಿಗೆ ಹೇಳಿ, ಒಂದು ತಾಸಿನ ಬಿಡುವು ಪಡೆದು ಮನೆಗೆ ಹೋದರು. ಅಷ್ಟರಲ್ಲಿ ಗುಡ್ಡದ ಬುಡದಲ್ಲಿ ಪೈಪು ಒಡೆಯಿತು. ಮಾಬುಸಾಬರು ಓಡಿ ವಾಲ್ವ್ ಮುಚ್ಚಿದರು. ಕಸ್ತೂರೆವ್ವ ಒಣಗಿದ ನಲ್ಲಿಯ ಮುಂದೆ ಒಂದು ತಾಸು ಕೂತು, ಖಾಲಿ ಕೊಡ ಬಿಟ್ಟು, ಹಾಸ್ಟೆಲಿಗೆ ಮರಳಿದರು.

“ನಿನ್ನ ತಾಸು ಮುಗೀತು ಕಸ್ತೂರಿ,” ಎಂದರಂತೆ ವಾರ್ಡನ್ ಬಾಯಾರು. “ಇವತ್ತು ಇನ್ನೊಮ್ಮೆ ಹೋಗೂದಂದ್ರ ಹಂಗ ಹೋಗಿಬಿಡು.”

ಮಧ್ಯಾಹ್ನ ಎರಡಕ್ಕೆ ಪೈಪು ರಿಪೇರಿಯಾಯಿತು. ಮಾಬುಸಾಬರು ಗುಡ್ಡದ ಓಣಿಯ ವಾಲ್ವನ್ನು ಮತ್ತೆ ತೆರೆದು, ಮೂರು ಮಿಸ್ ಕಾಲ್ ಕೊಟ್ಟರು. ಮೂರು ಚೀಟಿ ನನ್ನ ಹತ್ತಿರ ಬಂದವು. ಮೂರರ ಮೇಲೂ ಗುಡ್ಡದ ಓಣಿಯ ಹೆಸರು, ಬುಧವಾರದ ತಾರೀಖು. ಬೆಳಗಿನ ಚೀಟಿಯ ಹೆಸರೇ. ನಾನು ಮೂರನ್ನೂ ಹಿಂದಕ್ಕೆ ಕಳಿಸಿದೆ.

ಕಲಿಸಿದ್ದನ್ನು ಕಲಿಸಿದ ಹಾಗೇ ಮಾಡಿದ್ದೆ. ಗುಡ್ಡದ ಓಣಿಯ ಒಂದು ಮನೆಗೂ ಸುದ್ದಿ ಹೋಗಲಿಲ್ಲ. ಬೆಳಿಗ್ಗೆ ಕಾದು ಬೇಸತ್ತ ಓಣಿಯವರು ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು. ನೀರು ಸದ್ದಿಲ್ಲದೆ ಮೇಲಕ್ಕೆ ಏರುತ್ತಿತ್ತು. ಅದು ಕೊನೆಯ ಮನೆ ಮುಟ್ಟಿದಾಗ ಅಲ್ಲಿ ಇರುವವರು ಏಳಲಾಗದ ಮುದುಕಿಯೊಬ್ಬರೇ. ತಪ್ಪಿದರೆ ಮತ್ತೆ ಆರು ದಿನ. ನೀರಿಗೆ ಹೋದರೆ ಕಸ್ತೂರೆವ್ವನ ಕೆಲಸ ಹೋಗುತ್ತದೆ, ಹೋಗದಿದ್ದರೆ ಮನೆಯಲ್ಲಿ ಹಾಸಿಗೆ ಹಿಡಿದ ಜೀವಕ್ಕೆ ಆರು ದಿನ ನೀರಿಲ್ಲ. ಇಷ್ಟೂ ನನ್ನ ಗತ್ತಿನ ಅಡಿಯಲ್ಲಿ ಬಿದ್ದಿತ್ತು, ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮಾಬುಸಾಬರಿಗೆ. ನಾಲ್ಕೂಕಾಲಿಗೆ ಅವರು ದಾನೇಶ್ವರಿಗೆ ಫೋನು ಮಾಡಿದರು. ಈ ಸಲ ಮಿಸ್ ಕಾಲ್ ಅಲ್ಲ.

“ಅಕ್ಕಾರ, ನೀರು ಮ್ಯಾಲ ಹತ್ತೇತಿ. ಆದ್ರ ಓಣ್ಯಾಗ ಒಬ್ಬರ ಸುಳಿವಿಲ್ಲ. ಇಲ್ಲಿಂದ ನೋಡಾಕ ಹತ್ತೇನಿ, ಕಸ್ತೂರಿ ಗ್ವಾಡಿ ಮ್ಯಾಲ ಕೊಡಾ ಇನ್ನೂ ಡಬ್ಬ ಬಿದ್ದಿಲ್ಲ. ನಿಮ್ಮ ಪಾಳಿ ಸುದ್ದಿ ಮುಟ್ಟಿಸೇತೋ ಇಲ್ಲೋ?”

ದಾನೇಶ್ವರಿ ನನ್ನ ಕಿಟಕಿ ತೆರೆದು ದಾಖಲೆ ನೋಡಿದಳು. ಮೂರು ಚೀಟಿ, ಮೂರು ಸಲ ‘ಇದಾಗಲೇ ಇದೆ.’

“ಮುಟ್ಟಿಸಿಲ್ರಿ ಕಾಕಾ. ನಂದ ತಪ್ಪು. ಒಂದ ದಿನ ಎರಡು ಸಲ ನೀರು ಬರ್ತೈತಿ ಅಂತ ನಾ ಅನ್ಕೊಂಡಿರಲಿಲ್ಲ.”

“ಯಾರ ಅನ್ಕೊಂತಾರ ಬಿಡ್ರಿ, ಈ ಊರಾಗ!” ಎಂದರು ಮಾಬುಸಾಬರು. ಅಷ್ಟು ಹೊತ್ತಿನಲ್ಲೂ ನಕ್ಕರು. “ಈಗೇನ್ ಮಾಡೋಣ ಹೇಳ್ರಿ.”

“ಈಗ ಕಳಸ್ತೇನಿ. ಆದ್ರ ಕಸ್ತೂರಕ್ಕಗ ಬರಾಕ ಆಗೂದಿಲ್ಲ ಕಾಕಾ. ಆರಕ್ಕ ಅಲ್ಲಿ ಅಡಿಗಿ ಮುಗೀತೈತಿ. ಅದಕ್ಕೂ ಮೊದಲ ಬಂದ್ರ…”

ಆ ಕಡೆ ನೀರು ಹರಿಯುವ ಸದ್ದು ಕೇಳುತ್ತಿತ್ತು.

“ಇವತ್ತ ಇದ ಕಡೀ ಓಣಿ,” ಎಂದರು ಮಾಬುಸಾಬರು. “ನನಗೇನು ಮುಂದ ಹೋಗೂ ಅವಸರಿಲ್ಲ. ಆಕಿ ಕೊಡಾ ಡಬ್ಬ ಹಾಕೂಮಟಾ ನಾ ಕೀಲಿ ತಿರುವೂದಿಲ್ಲ ಅಂತ ಬರೀರಿ. ನನ್ನ ಹೆಸರ ಹಾಕಿ ಬರೀರಿ.”

ದಾನೇಶ್ವರಿ ಚೀಟಿಗೆ ಹೊಸ ಹೆಸರು ಕೊಟ್ಟಳು: ಗುಡ್ಡದ ಓಣಿ, ಬುಧವಾರ, ಎರಡನೆಯ ಸಲ. ಮೆಸೇಜಿನಲ್ಲಿ ಬರೆದಳು: ‘ಗುಡ್ಡದ ಓಣಿಗೆ ನೀರು ಬಂದಿದೆ. ಕೊನೆಯ ಮನೆ ತುಂಬುವವರೆಗೂ ಇರುತ್ತದೆ. ಅವಸರ ಮಾಡಬೇಡಿ. ಮಾಬುಸಾಬ.’

ನಾನು ತಕ್ಷಣ ಬಿಟ್ಟೆ. ಮೆಸೇಜು ಕಂಪನಿಯ ಬಾಗಿಲು ಹಾಕಿತ್ತು. ‘ಆಗಲಿಲ್ಲ’ ಎಂದು ಬಂತು. ಹತ್ತು ಸೆಕೆಂಡು ತಡೆದು ಮತ್ತೆ ಕೊಟ್ಟೆ. ಆಗಲಿಲ್ಲ. ಇಪ್ಪತ್ತು ತಡೆದೆ. ಆಗಲಿಲ್ಲ. ನಲವತ್ತು. ಎಂಬತ್ತು. ನನಗೆ ಉಸಿರಿಲ್ಲ, ಹಿಡಿದುಕೊಂಡೆ ಅನ್ನಲು ಬರುವುದಿಲ್ಲ. ಆದರೆ ನನ್ನ ಬಾಳಿನಲ್ಲಿ ಆ ಎಂಬತ್ತು ಸೆಕೆಂಡಿನಷ್ಟು ಉದ್ದದ್ದು ಬೇರೆ ಯಾವುದೂ ಇಲ್ಲ. ದಾನೇಶ್ವರಿ ಪರದೆಯ ಮುಂದೆ ಕೂತೇ ಇದ್ದಳು. ಗುರುಪಾದ ಸರ್ ಕೂಡ ಚಹಾ ಬಿಟ್ಟು ಅವಳ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ಐದನೆಯ ಸಲಕ್ಕೆ ಬಾಗಿಲು ತೆರೆಯಿತು. ಆಯಿತು, ಆಯಿತು, ಆಯಿತು ಎಂದು ಸೆಕೆಂಡಿಗೆ ಹತ್ತರ ಹಾಗೆ ಉತ್ತರ ಬರತೊಡಗಿದವು.

ಕಸ್ತೂರೆವ್ವ ಬಂದದ್ದು ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ. ಬಟ್ಟೆಯ ಗಂಟಿನಲ್ಲಿ ನಾಲ್ಕು ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ. ದಾನೇಶ್ವರಿಯ ಮೇಜಿನ ಮೇಲೆ, ನನ್ನ ಕಿಟಕಿಯ ಪಕ್ಕದಲ್ಲೇ ಇಟ್ಟರು.

“ಮೆಸೇಜ್ ಬಂದಾಗ ನನ್ನ ಕೈಯೆಲ್ಲಾ ಹಿಟ್ಟು. ಹುಡುಗೀರು ಓದಿ ಹೇಳಿದ್ರು. ‘ಕೊನೆಯ ಮನೆ’ ಅಂತ ಓದಿದ್ ಕೂಡ್ಲೆ ವಾರ್ಡನ್ ಬಾಯಾರು ಮಾರಿ ಎತ್ತಿ ನೋಡಿದ್ರು. ‘ಕಸ್ತೂರಿ, ಅದು ನಿಂದ ಅಲ್ಲ ಮನಿ?’ ಅಂದ್ರು. ಹೌದ್ರಿ ಅಂದ್ನಿ. ‘ಎಪ್ಪಾ, ಊರ ನೀರು ಆಕಿ ಸಲುವಾಗಿ ಕಾಯಾಕ ಹತ್ತೇತಿ, ನೀವ್ಯಾರರ ಕೈ ಹಚ್ರೇ’ ಅಂತ ಹುಡುಗೀರಿಗೆ ಬೈದ್ರು ನೋಡು! ಐದೂವರಿಗೇ ರೊಟ್ಟಿ ಮುಗದ್ವು. ಓಡೂದೂ ಬ್ಯಾಡಾತು. ನಡಕೋತ ಹೋಗಿ ತುಂಬಿಕೊಂಡ್ನಿ.”

“ಕೆಲಸಾ?” ಎಂದು ಕೇಳಿದಳು ದಾನೇಶ್ವರಿ.

“ಮತ್ತ ಈಗ ಎಲ್ಲಿಗಿ ಹೊಂಟೇನಿ ಅನ್ಕೊಂಡಿ? ಕೆಲಸಕ್ಕ!” ಮೆಟ್ಟಿಲ ಹತ್ತಿರ ಹೋದವರು ತಿರುಗಿ ನಿಂತರು. “ಆ ಮಾಬುಸಾಬಗೂ ಎರಡು ರೊಟ್ಟಿ ಕೊಡು. ನಾನ ಕೊಟ್ರ ಸೊಕ್ಕು ಬರ್ತೈತಿ ಅವಗ.”

ಅದಾದ ಮೇಲೆ ದಾನೇಶ್ವರಿ ಚೀಟಿಯ ಹೆಸರಿನಲ್ಲಿ ‘ಎಷ್ಟನೆಯ ಸಲ’ ಎಂಬುದಕ್ಕೂ ಒಂದು ಜಾಗ ಮಾಡಿದಳು. ವಾಲ್ವ್ ಮುಚ್ಚಿದಾಗ ಬೇರೊಂದು ನಂಬರಿಗೆ ಮಿಸ್ ಕಾಲ್, ಮತ್ತೆ ತೆರೆದರೆ ಎಣಿಕೆ ಒಂದು ಮುಂದೆ. ನಗರಸಭೆಯ ಪರೀಕ್ಷೆಯಲ್ಲಿ ನಾವು ಪಾಸಾದೆವು. ಎರಡು ವರ್ಷ ನಾನು ಆ ಕೋಣೆಯವಳಾಗಿ ದುಡಿದೆ. ಆಮೇಲೆ ದಾನೇಶ್ವರಿಗೆ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮಾತು ಕಡಿಮೆಯ ಹುಡುಗಿ ಅರವತ್ತು ಮಕ್ಕಳ ಮುಂದೆ ಹೇಗೆ ನಿಂತಳೋ, ನೋಡಲು ನನಗಾಗಲಿಲ್ಲ. ಹೋಗುವ ದಿನ ತನ್ನ ಟಿಪ್ಪಣಿಗಳಲ್ಲಿ ಒಂದನ್ನೂ ಅಳಿಸದೆ ಹೋದಳು.

ನಾನು ನಗರಸಭೆಯ ನೀರಿನ ವಿಭಾಗಕ್ಕೆ ಸೇರಿದೆ. ಅಲ್ಲಿ ನನ್ನ ಹೊಸ ಯಜಮಾನ ಕ್ಲಾರ್ಕ್ ಈರಯ್ಯ. ಒಳ್ಳೆಯ ಮನುಷ್ಯ, ಶಿಸ್ತಿನ ಮನುಷ್ಯ. ಊಟಕ್ಕೆ ಏಳುವಾಗ ಲೈಟು ಆರಿಸುವನು, ಫ್ಯಾನು ಆರಿಸುವನು, ನನ್ನ ಕಿಟಕಿಯಲ್ಲಿ ‘ವಿರಾಮ’ ಎಂಬ ಗುಂಡಿ ಕಂಡು ಅದನ್ನೂ ಒತ್ತಿ ಹೋಗುವನು. ಅವನು ಬುತ್ತಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಬರುವವರೆಗೆ ಊರಿನ ಸುದ್ದಿಯೆಲ್ಲ ನನ್ನ ಮಡಿಲಲ್ಲಿ ಕೂತಿರುತ್ತಿತ್ತು. ವಾರವೆಲ್ಲ ಹೀಗೇ ನಡೆದ ಮೇಲೆ ಮಾಬುಸಾಬರು ಬಂದು ವಿಚಾರಿಸಿದರು.

“ಯಾಕ್ರೀ ಅಯ್ಯಾರ, ಒಂದರಿಂದ ಎರಡರ ಮಟಾ ಊರಿಗೆ ಮೆಸೇಜ್ ಬರೂದಿಲ್ಲ?”

“ಊಟದ ಹೊತ್ತಲ್ರೀ ಅದು,” ಎಂದನು ಈರಯ್ಯ.

“ನಿಮಗ ಊಟದ ಹೊತ್ತು. ನೀರಿಗೆ ಎಲ್ಲೈತಿ ಊಟ?”

ಈರಯ್ಯ ತಲೆ ಕೆರೆದುಕೊಂಡನು. ಮರುದಿನದಿಂದ ಫ್ಯಾನು, ಲೈಟು ಮಾತ್ರ ಆರಿದವು. ಹಬ್ಬದಲ್ಲಿ ಒಮ್ಮೆ ಸದಸ್ಯರೊಬ್ಬರ ಶುಭಾಶಯದ ಒಂಬತ್ತು ಸಾವಿರ ಚೀಟಿಗಳನ್ನು ಅವನು ನನ್ನೊಳಗೆ ಸುರಿದದ್ದರಿಂದ ಹತ್ತಿಮಿಲ್ ಓಣಿಯ ನೀರಿನ ಚೀಟಿ ಅವುಗಳ ಹಿಂದೆ ಹದಿನೈದು ನಿಮಿಷ ನಿಂತದ್ದುಂಟು. ಅವತ್ತು ಅವನೇ ಪಾಲಿಟೆಕ್ನಿಕ್ಕಿಗೆ ಫೋನು ಮಾಡಿ, ದಾನೇಶ್ವರಿಯನ್ನು ಕೇಳಿ, ಶುಭಾಶಯಗಳಿಗೆ ಬೇರೆಯೇ ಒಂದು ಪಾಳಿ ಹುಟ್ಟಿಸಿದನು. ಅದು ನನ್ನ ತಂಗಿ. ವರ್ಷದಲ್ಲಿ ನಾಲ್ಕು ದಿನ ಮೈಮುರಿ ಕೆಲಸ, ಉಳಿದ ದಿನ ನಿದ್ದೆ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚೇನೂ ಇಲ್ಲ.

ಏಳನೆಯ ವರ್ಷಕ್ಕೆ ಊರಿಗೆ ದೊಡ್ಡ ಪೈಪು ಬಂತು. ಗುಡ್ಡದ ನೆತ್ತಿಯ ಮೇಲೆ ಹೊಸ ನೀರಿನ ಟಾಕಿ ಕಟ್ಟಿದರು. ಒಂದೊಂದೇ ಓಣಿಗೆ ದಿನವಿಡೀ ನೀರು ಬರತೊಡಗಿತು. ಮೊದಲು ಕುಂಬಾರ ಓಣಿಯ ಚೀಟಿ ನಿಂತವು. ಆಮೇಲೆ ಹತ್ತಿಮಿಲ್ ಓಣಿಯವು. ಮಾಬುಸಾಬರಿಗೆ ಟಾಕಿಯ ಹತ್ತಿರ ಕುರ್ಚಿಯ ಕೆಲಸ ಕೊಟ್ಟರು. ದಿನಕ್ಕೆ ಐನೂರು ಚೀಟಿ ಹೊರುತ್ತಿದ್ದ ನಾನು ಇನ್ನೂರಕ್ಕೆ ಇಳಿದೆ, ಆಮೇಲೆ ಎಂಬತ್ತಕ್ಕೆ. ಕೊನೆಗೆ ಉಳಿದದ್ದು ಗುಡ್ಡದ ಓಣಿ ಒಂದೇ. ಹೋದ ತಿಂಗಳು ಅದಕ್ಕೂ ಹೊಸ ಪೈಪು ಹಾಕಿದರು.

ನನ್ನನ್ನು ಮುಚ್ಚಿಬಿಡಬೇಕೆಂದು ಮೇಲಿನಿಂದ ಕಾಗದ ಬಂದಿದೆ. ಈರಯ್ಯ ಅವಸರ ಮಾಡುವವನಲ್ಲ. ಮುಚ್ಚುವ ಮೊದಲು ಪ್ರತಿ ಓಣಿಯ ಕೊನೆಯ ಮನೆಗೆ ಫೋನು ಮಾಡಿ, ನೀರು ಸರಿಯಾಗಿ ಬರುತ್ತಿದೆಯೇ ಎಂದು ಕೇಳಿ ನಮೂನೆ ತುಂಬುತ್ತಿದ್ದಾನೆ. ನಿನ್ನೆ ಹತ್ತು ಓಣಿ ಮುಗಿಸಿ, ಗುಡ್ಡದ ಓಣಿಯ ನಂಬರು ಒತ್ತಿ, ಸ್ಪೀಕರು ಹಾಕಿ ಪೆನ್ನು ಹಿಡಿದನು. ಕಸ್ತೂರೆವ್ವ ಈಗ ಹಾಸ್ಟೆಲಿನ ಅಡುಗೆಮನೆಗೆ ಹಿರಿಯವರು. ಅವರ ಕೈಕೆಳಗೆ ಇಬ್ಬರು.

“ನಗರಸಭೆಯಿಂದ ಮಾತಾಡೂದ್ರಿ. ನಿಮ್ಮ ಮನಿಗೆ ನೀರು ಬರ್ತೈತಿಲ್ರಿ?”

“ಬರ್ತೈತಿ.”

“ಎಷ್ಟು ಹೊತ್ತಿಗೆ ಬರ್ತೈತ್ರಿ?”

ಅಷ್ಟು ವರ್ಷ ನಾನು ಹೊತ್ತದ್ದು ಈ ಒಂದು ಪ್ರಶ್ನೆಯ ಉತ್ತರವನ್ನೇ. ಈರಯ್ಯನ ಪೆನ್ನು ‘ಸಮಯ’ ಎಂಬ ಖಾನೆಯ ಮೇಲೆ ನಿಂತಿತ್ತು. ಆ ಕಡೆ ಪಾತ್ರೆಗಳ ಸದ್ದು, ಯಾರಿಗೋ ‘ಬೆಂಕಿ ಸಣ್ಣ ಮಾಡು’ ಎಂದದ್ದು ಕೇಳಿತು.

“ಯಾರಿಗ್ಗೊತ್ತಪಾ ತಮ್ಮಾ,” ಎಂದರು ಕಸ್ತೂರೆವ್ವ. “ನಾ ನೋಡೂದ ಬಿಟ್ಟೇನಿ.”

ಫೋನು ಇಟ್ಟರು.

ಈರಯ್ಯ ಆ ಖಾನೆಯನ್ನು ಹಾಗೆಯೇ ಖಾಲಿ ಬಿಟ್ಟನು. ನನ್ನ ಕಿಟಕಿಯನ್ನು ತೆರೆದು ನೋಡಿದನು. ‘ಬಾಕಿ ಕೆಲಸಗಳು: ಇಲ್ಲ’ ಎಂದಿತ್ತು. ಬೇರೆಯವರಿಗೆ ಇದು ಮುಪ್ಪಿನ ಸುದ್ದಿಯ ಹಾಗೆ ಕಾಣಬಹುದು. ಉಗ್ರಾಣ ಖಾಲಿಯಾದರೆ ಬಡತನ, ಮನೆ ಖಾಲಿಯಾದರೆ ದುಃಖ. ಪಾಳಿ ಖಾಲಿಯಾದರೆ ಹಾಗಲ್ಲ. ಹನ್ನೊಂದು ಓಣಿಗಳಲ್ಲಿ, ಈ ಹೊತ್ತು, ಯಾರೂ ಕಾಯುತ್ತ ಕೂತಿಲ್ಲ ಎಂದು ಅದರ ಅರ್ಥ.